ಓದದೆ ಉಳಿದವುಗಳ ವಿಚಾರಣೆ

ಮಾಹಿತಿ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಚನ್ನಗಿರಿಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. "ಮೇಡಂ, ಈ ಕೆಲಸದಾಗೆ ಏನೇನು ಮಾಡಬೇಕು ಅಂತ ಬರೆದಿಟ್ಟಿರೋದನ್ನ ಎಲ್ಲಾ ಓದಿದ್ವಿ. ಏನೇನು ಆಗ್ತೈತೆ ಅನ್ನೋದು ಎಲ್ಲೂ ಬರೆದಿಲ್ಲ" ಅಂದರು. ಟೀ ಕುಡಿಯುತ್ತ ಒಂದೆರಡು ಸಂಗತಿ ಹೇಳಿದೆ. ಅವರು ನಕ್ಕಿದ್ದು ನೋಡಿ, ಇದೆಲ್ಲ ನಗುವಂಥದ್ದು ಅಂತ ನನಗೂ ಆಗಲೇ ಗೊತ್ತಾಗಿದ್ದು. ಆಗುವಾಗ ನಾವ್ಯಾರೂ ನಕ್ಕಿರಲಿಲ್ಲ. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು ಅನ್ನುವುದನ್ನು ಬಿಟ್ಟುಬಿಡುತ್ತೇನೆ. ಬಡ್ತಿ ಸಿಕ್ಕಾಗ ಬದಲಾದದ್ದು ಕುರ್ಚಿ ಮಾತ್ರ, ಅದರದ್ದೂ ಒಂದು ಕಾಲು ಕುಂಟುತ್ತಿತ್ತು.

ನಮ್ಮ ಟ್ರಸ್ಟಿನ ಹೆಸರು ಇಲ್ಲಿ ಬೇಡ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರಿನಲ್ಲಿ ಒಂದೊಂದು ಕೋಣೆ, ಒಂದೊಂದು ಕಂಪ್ಯೂಟರ್, ಹೊರಗೆ ಗೋಡೆಗೆ ಒಂದೊಂದು ಕರಿಹಲಗೆ. ಊರಿನವರು ಅದನ್ನು ಬೋರ್ಡು ಅನ್ನುತ್ತಿದ್ದರು. ಯಾವ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ, ಪರೀಕ್ಷೆ ಮುಂದಕ್ಕೆ ಹೋಯಿತಾ, ಹಾಸ್ಟೆಲ್ಲಿಗೆ ಸೇರಲು ಕೊನೇ ದಿನ ಯಾವತ್ತು, ನಾಳೆ ಕರೆಂಟು ಇರುತ್ತದೋ ಇಲ್ಲವೋ, ಇಂಥ ಸುದ್ದಿಯನ್ನೆಲ್ಲ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮ ಕೆಲಸ.

ಶುರುವಿನಲ್ಲಿ ಒಂದೊಂದೇ ವೆಬ್‌ಸೈಟ್ ತೆರೆದು ಹೊಸದೇನಾದರೂ ಬಂದಿದೆಯಾ ಅಂತ ನೋಡುತ್ತಿದ್ದೆವು. ಬೀದಿಯ ಮನೆಮನೆ ಬಾಗಿಲು ತಟ್ಟಿ, "ನಿಮ್ಮಲ್ಲಿ ಇವತ್ತು ಏನಾದ್ರೂ ಐತಾ?" ಅಂತ ಕೇಳಿಕೊಂಡು ಹೋದ ಹಾಗೆ. ಬಹಳ ಮನೆಯಲ್ಲಿ ಏನೂ ಇರುತ್ತಿರಲಿಲ್ಲ. ಕೊನೆಯ ಸೈಟ್ ನೋಡಿ ಮುಗಿಸುವ ಹೊತ್ತಿಗೆ ಮೊದಲನೆಯದರಲ್ಲಿ ಏನೋ ಬಂದಿರುತ್ತಿತ್ತು. ನಾನು ಚನ್ನಗಿರಿಯಲ್ಲಿದ್ದಾಗ ದಾವಣಗೆರೆಯಿಂದ ಪ್ರಿಂಟರ್ ರಿಪೇರಿಗೆ ಒಬ್ಬ ಬಂದಿದ್ದ. ಸ್ವಲ್ಪ ಹೊತ್ತು ನನ್ನ ಹಿಂದೆ ನಿಂತು ನೋಡಿ, "ಮೇಡಂ, ದಿನಾ ಹಿಂಗೇ ನೋಡ್ತೀರಾ?" ಅಂದ. ಹೌದು ಅಂದೆ. ಅವನ ಮುಖದಲ್ಲಿ ಕನಿಕರ ಕಂಡಿತು. ಸೈಟಿನ ಮೂಲೆಯಲ್ಲಿದ್ದ ಕಿತ್ತಳೆ ಬಣ್ಣದ ಒಂದು ಸಣ್ಣ ಗುರುತು ತೋರಿಸಿದ. ಇದು ಫೀಡು. ಸೈಟಿನಲ್ಲಿ ಹೊಸದು ಬಂದ ಕೂಡಲೇ ತಾನೇ ತಿಳಿಸುತ್ತದೆ. ಇಂಥ ಫೀಡುಗಳನ್ನೆಲ್ಲ ಒಂದೇ ಕಡೆ ಸೇರಿಸಿ ತೋರಿಸುವುದು ಫೀಡ್ ರೀಡರ್. ಹೊಸದಿದ್ದದ್ದು ದಪ್ಪ ಅಕ್ಷರದಲ್ಲಿ ಕಾಣಿಸುತ್ತದೆ, ನೀವು ತೆರೆದು ಓದಿದ ಮೇಲೆ ತೆಳ್ಳಗಾಗುತ್ತದೆ. ಇಷ್ಟು ಹೇಳಿ, ನಮ್ಮ ಸೈಟುಗಳನ್ನೆಲ್ಲ ಅದಕ್ಕೆ ಜೋಡಿಸಿಕೊಟ್ಟು ಹೋದ. ಪ್ರಿಂಟರ್ ಮಾತ್ರ ರಿಪೇರಿ ಆಗಲಿಲ್ಲ.

ಮರುದಿನ ಬೆಳಿಗ್ಗೆ ಬಂದು ಕೂತೆ. ರೀಡರ್ ತೆರೆದರೆ ಏನೂ ಹೊಸದಿಲ್ಲ. ಕೆಲಸ ಮುಗಿದೇ ಹೋಗಿತ್ತು. ಗಾಬರಿಯಾಯಿತು. ನಿಜವಾಗಿಯೂ ಏನೂ ಇಲ್ಲವಾ ಅಂತ ಹಳೇ ಕ್ರಮದಲ್ಲೇ ಎಲ್ಲ ಸೈಟುಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಏನೂ ಇರಲಿಲ್ಲ. ಆಮೇಲೂ ಬಹಳ ದಿನ ಹಾಗೇ ಮಾಡಿದೆ. ಎರಡು ಕೆಲಸ ಆಯಿತು, ಆದರೆ ಮನಸ್ಸಿಗೆ ನೆಮ್ಮದಿ ಇತ್ತು.

ಆ ತಿಂಗಳ ವರದಿಯಲ್ಲಿ ಹೆಮ್ಮೆಯಿಂದ, "ಕೇಂದ್ರಕ್ಕೆ ಹೊಸದಾಗಿ ಫೀಡ್‌ಗಳನ್ನು ತರಿಸಿಕೊಳ್ಳಲಾಗುತ್ತಿದೆ" ಅಂತ ಬರೆದೆ. ಟ್ರಸ್ಟಿನ ಅಧ್ಯಕ್ಷರು ಬಸವಂತಪ್ಪನವರು. ಹೊನ್ನಾಳಿ ಹತ್ತಿರ ಅವರದ್ದೊಂದು ದೊಡ್ಡ ಕೋಳಿ ಫಾರಂ. ಸಭೆಯಲ್ಲಿ ವರದಿ ಓದಿದಾಗ ತಲೆ ಎತ್ತಿದರು.

"ಯಾರಿಗೆ ಹಾಕ್ತೀರಿ?"

"ಊರಿನವರಿಗೆ ಸಾರ್. ಬೋರ್ಡಿನ ಮೇಲೆ."

ಸ್ವಲ್ಪ ಹೊತ್ತು ಯೋಚಿಸಿದರು. "ಕೋಳಿ ಎಷ್ಟು ಸಾಕೀರಿ?"

"ಕೋಳಿ ಇಲ್ಲ ಸಾರ್."

"ಕೋಳಿ ಇಲ್ಲದ ಮೇಲೆ ಫೀಡು ಯಾಕ್ರೀ? ಎಲ್ಲಿಂದ ತರಿಸ್ತೀರಿ? ನನ್ನನ್ನ ಒಂದು ಮಾತು ಕೇಳಾಕೆ ಆಗ್ಲಿಲ್ವ?"

ನಾನು ವಿವರಿಸಿದೆ. ಅವರು ತಲೆಯಾಡಿಸಿದರು. ಅರ್ಥವಾಯಿತು ಅಂದುಕೊಂಡೆ. ವಾರ ಕಳೆಯುವಷ್ಟರಲ್ಲಿ ಅವರ ಫಾರಮ್ಮಿನಿಂದ ಒಂದು ಮೂಟೆ ಕೋಳಿ ಆಹಾರ ಚನ್ನಗಿರಿ ಕೇಂದ್ರಕ್ಕೆ ಬಂದಿಳಿಯಿತು. ಜೊತೆಗೊಂದು ಚೀಟಿ: ಹೊರಗಿನಿಂದ ತರಿಸುವುದು ಬೇಡ, ಇದು ಒಳ್ಳೆಯದು. ಅಧ್ಯಕ್ಷರು ಕಳಿಸಿದ್ದನ್ನು ವಾಪಸ್ ಮಾಡುವ ಧೈರ್ಯ ನನಗಿರಲಿಲ್ಲ. ಹಿಂದಿನ ಓಣಿಯ ಕೋಳಿಗಳು ಎರಡೇ ದಿನದಲ್ಲಿ ವಾಸನೆ ಹಿಡಿದವು. ಮೂಟೆ ಮುಗಿಯುವವರೆಗೂ ನಮ್ಮಲ್ಲಿಗೆ ಬರುವವರ ಸಂಖ್ಯೆಯಲ್ಲಿ ಮನುಷ್ಯರಿಗಿಂತ ಅವೇ ಹೆಚ್ಚು.

ಚನ್ನಗಿರಿಯಿಂದ ಜಗಳೂರಿಗೆ ವರ್ಗವಾಯಿತು. ಅಲ್ಲಿ ಕೇಂದ್ರದ ಎದುರಿಗೆ ಮೆಹಬೂಬ್ ಸಾಬರ ಟೈಲರ್ ಅಂಗಡಿ. ಗಿರಾಕಿ ಇಲ್ಲದಾಗ ಬಂದು ಕೂತು, ರೀಡರ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುತ್ತಿದ್ದರು. ಒಂದು ದಿನ ಕುರ್ಚಿ ಹತ್ತಿರಕ್ಕೆಳೆದುಕೊಂಡು ಸಣ್ಣ ದನಿಯಲ್ಲಿ, "ಮೇಡಂ, ನಮ್ಮ ಬೀಗರ ಮನೇದೊಂದು ಫೀಡ್ ಹಾಕಿಕೊಡ್ರಿ" ಅಂದರು.

"ಬೀಗರದ್ದಾ?"

"ಹೂಂ ರೀ. ಮಗಳನ್ನ ಕೊಟ್ಟೀವಿ. ಫೋನ್ ಮಾಡಿದ್ರೆ ಎಲ್ಲಾ ಚೆನ್ನಾಗೈತೆ ಅಂತಾರೆ. ಹೊಸದೇನಾದ್ರೂ ಆದ್ರೆ ದಪ್ಪ ಅಕ್ಷರದಾಗೆ ಬಂದುಬಿಟ್ರೆ ನಮಗೂ ಗೊತ್ತಾಗ್ತೈತೆ."

ಫೀಡು ಬರಬೇಕಾದರೆ ವೆಬ್‌ಸೈಟ್ ಇರಬೇಕು ಅಂತ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಅವರಿಗೊಂದು ವೆಬ್‌ಸೈಟ್ ಮಾಡಿಸಿಕೊಡಾಣ ಬಿಡ್ರಿ, ಹಬ್ಬಕ್ಕೆ ಬಟ್ಟೆ ಹೆಂಗೂ ಕೊಡ್ತೀವಿ" ಅಂದರು. ಬಹಳ ದಿನ ಇದು ತಮಾಷೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಈ ಕೆಲಸ ಏನು ಅನ್ನುವುದನ್ನು ನನಗಿಂತ ಅವರೇ ಚೆನ್ನಾಗಿ ತಿಳಿದಿದ್ದರೇನೋ. ಮಗಳ ಮನೆಯಲ್ಲಿ ಮಾತ್ರ ನಿಜವಾಗಿಯೂ ಎಲ್ಲ ಚೆನ್ನಾಗಿಯೇ ಇತ್ತು.

ಹೊನ್ನಾಳಿಗೆ ಬರುವ ಹೊತ್ತಿಗೆ ಟ್ರಸ್ಟಿಗೆ ಹೊಸ ಕಾರ್ಯದರ್ಶಿ ಬಂದಿದ್ದರು, ರೇವಣಸಿದ್ದಪ್ಪನವರು. ಯಾವುದೋ ಕಚೇರಿಯಲ್ಲಿ ಜೀವಮಾನವಿಡೀ ಕಡತ ವಿಲೇವಾರಿ ಮಾಡಿ ನಿವೃತ್ತರಾದವರು. ಒಳ್ಳೆಯ ಮನುಷ್ಯರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ಅವರ ಮೊದಲ ಆದೇಶ: ಫೀಡಿನಲ್ಲಿ ಬಂದದ್ದನ್ನೆಲ್ಲ ಬೋರ್ಡಿಗೆ ಬರೆಯಬೇಕು, ಬೇಕಾದ್ದು ಬೇಡದ್ದು ಅಂತ ಆರಿಸುವ ಅಧಿಕಾರ ಸಿಬ್ಬಂದಿಗೆ ಇಲ್ಲ.

ಆಗಲೇ ಕರೆಂಟಿನ ಪ್ರಕಟಣೆ ಬರುವ ಸೈಟನ್ನು ಯಾರೋ ಹೊಸದಾಗಿ ಕಟ್ಟಿದರು. ಸೈಟ್ ಬದಲಾದಾಗ ಹೀಗಾಗುತ್ತದೆ, ನೀವೂ ನೋಡುತ್ತೀರಿ. ಹಳೆಯದೆಲ್ಲ ಈಗ ತಾನೇ ಬಂದ ಹಾಗೆ ದಪ್ಪ ಅಕ್ಷರದಲ್ಲಿ ಎದ್ದು ಕೂರುತ್ತದೆ. ಒಂದು ಪ್ರಕಟಣೆಯಲ್ಲಿ "ಮಂಗಳವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ವಿದ್ಯುತ್ ಇರುವುದಿಲ್ಲ" ಅಂತಿತ್ತು. ಯಾವ ವರ್ಷದ ಮಂಗಳವಾರ ಅಂತ ಇರಲಿಲ್ಲ. ನನಗೆ ಅನುಮಾನ ಬಂತು. ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. "ಬಂದೈತೋ ಇಲ್ವೋ?" ಅಂದರು. ಬಂದಿದೆ ಅಂದೆ. "ಬರೀರಿ."

ಬರೆದೆ. ಸೋಮವಾರ ಹಿಟ್ಟಿನ ಗಿರಣಿ ಮುಂದೆ ರಸ್ತೆಯವರೆಗೂ ಸಾಲು ನಿಂತಿತು. ಹೋಟೆಲಿನವರು ನಾಳಿನ ದೋಸೆ ಹಿಟ್ಟನ್ನು ಅವತ್ತೇ ರುಬ್ಬಿಟ್ಟುಕೊಂಡರು. ಮಂಗಳವಾರ ಬೆಳಗಾಯಿತು. ಕರೆಂಟು ಹೋಗಲಿಲ್ಲ. ಜನ ಒಬ್ಬೊಬ್ಬರಾಗಿ ಕೇಂದ್ರಕ್ಕೆ ಬರತೊಡಗಿದರು.

"ಇನ್ನೂ ಯಾಕೆ ಹೋಗಿಲ್ಲ ರೀ?"

"ನನಗೇನು ಗೊತ್ತು ಯಜಮಾನ್ರೆ?"

"ನೀವೇ ಬರೆದೀರಲ್ಲ. ಹಿಟ್ಟು ರುಬ್ಬಿಟ್ಟು ಹುಳಿ ಬರ್ತೈತೆ. ಇವತ್ತು ಹೋಗಲಿಲ್ಲ ಅಂದ್ರೆ ನಾಳೆ ಹೋದ್ರೆ ಏನು ಮಾಡಾಣ?"

ಹತ್ತೂವರೆ ಹೊತ್ತಿಗೆ ಫಟ್ಟನೆ ಕರೆಂಟು ಹೋಯಿತು. ಊರು ನಿಟ್ಟುಸಿರು ಬಿಟ್ಟಿತು. ನನಗೂ ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಲೈನ್‌ಮನ್ ಒಬ್ಬರು ಏಣಿ ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಂತರು. "ಮೇಡಂ, ನಮಗೆ ಆರ್ಡರ್ ಏನೂ ಬಂದಿರಲಿಲ್ಲ. ನಿಮ್ಮ ಬೋರ್ಡಿನಾಗೆ ಐತಲ್ಲ, ನಮಗೆ ಹೇಳಾಕೆ ಮರೆತಿರಬೇಕು ಅಂತ ತೆಗೆದ್ವಿ. ಈಗ ಏನು ರಿಪೇರಿ ಮಾಡಬೇಕು ಅಂತ ಅದರಾಗೆ ಏನಾದ್ರೂ ಬಂದೈತಾ?"

ಕೇಂದ್ರದ ಮುಂದಿನ ಬೇವಿನ ಮರದ ಕೊಂಬೆಯೊಂದು ತಂತಿಗೆ ತಾಗುತ್ತಿತ್ತು. ಅದನ್ನು ತೋರಿಸಿದೆ. ಅವರು ಸಂಜೆಯವರೆಗೂ ಅದನ್ನು ಕತ್ತರಿಸಿದರು, ಯಾಕೆಂದರೆ ಬೋರ್ಡಿನಲ್ಲಿ ಸಂಜೆಯವರೆಗೆ ಅಂತಿತ್ತು.

ನನ್ನ ಕೊನೆಯ ವರ್ಷಗಳು ನ್ಯಾಮತಿಯಲ್ಲಿ ಕಳೆದವು. ಅಷ್ಟರಲ್ಲಿ ಕೆಲಸ ಕಷ್ಟವಾಗಿತ್ತು. ಕೆಲವು ಸೈಟುಗಳು ಕಿತ್ತಳೆ ಗುರುತನ್ನೇ ತೆಗೆದುಹಾಕಿದ್ದವು. ಇನ್ನು ಕೆಲವು ಎಲ್ಲದಕ್ಕೂ ಒಂದೇ ತಲೆಬರಹ ಕೊಡುತ್ತಿದ್ದವು. ರೀಡರ್ ತೆರೆದರೆ "ಪ್ರಕಟಣೆ", "ಪ್ರಕಟಣೆ", "ಪ್ರಕಟಣೆ". ತೆರೆದು ನೋಡದೆ ಒಳಗೆ ಉದ್ಯೋಗ ಇದೆಯೋ ಶೌಚಾಲಯದ ಟೆಂಡರ್ ಇದೆಯೋ ತಿಳಿಯುತ್ತಿರಲಿಲ್ಲ. ನನ್ನ ಜೊತೆ ನಸ್ರೀನ್ ಅಂತ ಸಹಾಯಕಿ ಇದ್ದಳು. ಸಾಸ್ವೆಹಳ್ಳಿ ಕಡೆಯವಳು, ನ್ಯಾಮತಿಗೆ ಮದುವೆಯಾಗಿ ಬಂದಿದ್ದಳು. ಹೊರಗೆ ದುಡಿಯಲು ಅತ್ತೆಯನ್ನು ಒಪ್ಪಿಸುವುದಕ್ಕೇ ಅವಳಿಗೆ ಒಂದು ಮಳೆಗಾಲ ಪೂರ್ತಿ ಹಿಡಿದಿತ್ತಂತೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಒಂದು ದಿನ ಕಾರ್ಯದರ್ಶಿಗಳು ಭೇಟಿಗೆ ಬಂದವರು ಪರದೆಯ ಎಡಗಡೆ ಬೆರಳಿಟ್ಟು, "ಇದೇನು ಈ ಸಂಖ್ಯೆ?" ಅಂದರು.

"ಓದದೆ ಇರೋವು ಸಾರ್."

ಅವರ ಮುಖ ಬದಲಾಯಿತು. "ಅಂದ್ರೆ ಬಾಕಿ."

"ಬಾಕಿ ಅಂತಲ್ಲ ಸಾರ್, ಎಲ್ಲವನ್ನೂ ಓದಬೇಕಂತ ಏನಿಲ್ಲ—"

"ಸಾವಿರದ ಮೇಲೆ ಬಾಕಿ ಇಟ್ಟುಕೊಂಡು ಹೆಂಗ್ರೀ ನಿದ್ದೆ ಬರ್ತೈತೆ ನಿಮಗೆ?"

ಮರುದಿನವೇ ನಾಲ್ಕೂ ಊರಿಗೆ ಆದೇಶ ಬಂತು. ಓದದ ಐಟಂಗಳನ್ನು ವಿಲೇವಾರಿ ಮಾಡಬೇಕು. ಕಚೇರಿಯ ಪದ್ಧತಿಯಂತೆ ಹಳೆಯದು ಮೊದಲು. ಹಳೆಯದು ಮುಗಿಯದೆ ಹೊಸದನ್ನು ಮುಟ್ಟುವಂತಿಲ್ಲ. ಪ್ರತಿ ಶನಿವಾರ ಬಾಕಿಯ ವರದಿ.

ಹೀಗಾಗಿ ನಾನು, ನಸ್ರೀನ್ ಬೆಳಗಿನಿಂದ ಸಂಜೆಯವರೆಗೆ ಕಳೆದ ವರ್ಷದ ಸುದ್ದಿ ಓದುತ್ತ ಕೂತೆವು. ಒಂದು ಕಟ್ಟಡಕ್ಕೆ ಸುಣ್ಣ ಬಳಿಯುವ ಟೆಂಡರು. ಆ ಟೆಂಡರಿಗೆ ತಿದ್ದುಪಡಿ. ತಿದ್ದುಪಡಿಯಲ್ಲಿ ತಪ್ಪಾಗಿದ್ದಕ್ಕೆ ಇನ್ನೊಂದು ತಿದ್ದುಪಡಿ. ನಾವು ಓದುವ ವೇಗಕ್ಕಿಂತ ಬರುವ ವೇಗ ಹೆಚ್ಚು. ಬೋರ್ಡಿನ ಮೇಲೆ ಮುಗಿದುಹೋದ ಪರೀಕ್ಷೆಗಳ ದಿನಾಂಕ ಬರೆಯುತ್ತಿದ್ದೆವು. ಜನ ಓದಿ, "ಇದಕ್ಕೆ ನಮ್ಮ ತಂಗಿ ಬರೆದು ಫೇಲೂ ಆಗ್ಯಾಳಲ್ರೀ" ಅನ್ನುತ್ತಿದ್ದರು.

ನಾಲ್ಕು ಕೇಂದ್ರಗಳ ಪೈಕಿ ಜಗಳೂರು ಮಾತ್ರ ಮೊದಲ ಶನಿವಾರವೇ "ಬಾಕಿ: ಇಲ್ಲ" ಅಂತ ವರದಿ ಕಳಿಸಿತು. ಅಲ್ಲಿ ನನ್ನ ಜಾಗಕ್ಕೆ ಬಂದಿದ್ದ ತಿಪ್ಪೇಸ್ವಾಮಿಗೆ ಕಾರ್ಯದರ್ಶಿಗಳು ಶಾಲು ಹೊದೆಸಿ ಸನ್ಮಾನ ಮಾಡಿದರು. ಹೇಗೆ ಮಾಡಿದೆಯಪ್ಪಾ ಅಂತ ಫೋನ್ ಮಾಡಿ ಕೇಳಿದೆ. "ಪುಷ್ಪಕ್ಕಾ, ಎಲ್ಲಾ ಫೀಡನ್ನೂ ಕಿತ್ತುಹಾಕಿದೆ. ಈಗ ಏನೂ ಬರಂಗಿಲ್ಲ, ಬಾಕೀನೂ ಇಲ್ಲ" ಅಂದ. ಅವನ ಬೋರ್ಡಿನ ಮೇಲೆ ತಿಂಗಳುಗಟ್ಟಲೆ ಒಂದೇ ಸಾಲು ಇತ್ತಂತೆ: ಇಂದು ವಿಶೇಷವೇನೂ ಇಲ್ಲ.

ಅಣ್ಣನ ಮಗನ ಮದುವೆಗೆ ನಾನು ಸಂತೇಬೆನ್ನೂರಿಗೆ ಹೋಗಿದ್ದೆ. ವಾಪಸ್ ಬಂದು ನೋಡುತ್ತೇನೆ, ಎಡಗಡೆಯ ಸಂಖ್ಯೆಯೇ ಇಲ್ಲ. ಪರದೆ ತೊಳೆದಿಟ್ಟ ತಟ್ಟೆಯಂತಿದೆ.

"ನಸ್ರೀನ್, ಏನಾತು?"

"ಅಕ್ಕಾ, ಮೇಲೊಂದು ಬಟನ್ ಐತಲ್ಲ, ಎಲ್ಲವನ್ನೂ ಓದಿದೆ ಎಂದು ಗುರುತಿಸು ಅಂತ. ಒತ್ತಿದೆ."

ಆ ಬಟನ್ ನನಗೂ ಗೊತ್ತಿತ್ತು. ಒತ್ತುವ ಧೈರ್ಯ ಇರಲಿಲ್ಲ. ಅಷ್ಟರಲ್ಲಿ ಶನಿವಾರದ ವರದಿ ಹೋಗಿಬಿಟ್ಟಿತ್ತು. ಸೋಮವಾರ ಕಾರ್ಯದರ್ಶಿಗಳು ಶಾಲು ಹಿಡಿದುಕೊಂಡೇ ಬಂದರು. ಬೋರ್ಡು ನೋಡಲು ಬಂದಿದ್ದವರನ್ನೆಲ್ಲ ಒಳಗೆ ಕರೆದು ಕೂರಿಸಿದರು. ನಸ್ರೀನಳ ಒಂದು ಹೆಗಲಿಗೆ ಶಾಲು ಹಾಕಿ, ಇನ್ನೊಂದು ಹೆಗಲಿಗೆ ಹಾಕುವ ಮುನ್ನ, "ಇಷ್ಟೊಂದನ್ನ ಹೆಂಗಮ್ಮ ಓದಿದೆ, ಎಲ್ಲರಿಗೂ ಹೇಳು" ಅಂದರು.

ಸುಳ್ಳು ಹೇಳಬಹುದಿತ್ತು. ನಾನು ಅವಳ ಕಣ್ಣಿಗೆ ಕಣ್ಣು ಸೇರಿಸಲು ಬಹಳ ಪ್ರಯತ್ನಪಟ್ಟೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಓದಿಲ್ಲ ಸಾರ್. ಬಟನ್ ಒತ್ತಿದೆ."

ಶಾಲು ಅರ್ಧಕ್ಕೇ ನಿಂತಿತು. ಕಾರ್ಯದರ್ಶಿಗಳು ಅದನ್ನು ಮೆಲ್ಲಗೆ ವಾಪಸ್ ತೆಗೆದು, ಮಡಿಸಿ, ಮೇಜಿನ ಮೇಲಿಟ್ಟರು. ಆಮೇಲೆ ಹೊರಟುಹೋದರು. ಎರಡು ದಿನಕ್ಕೆ ನೋಟಿಸು: ಓದದೆ ಓದಿದೆ ಎಂದು ಸುಳ್ಳು ಗುರುತು ಮಾಡಿದ ಬಗ್ಗೆ ವಿಚಾರಣೆ. ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಕಾರಣ ಕೊಡತಕ್ಕದ್ದು. ನಸ್ರೀನ್ ಅದನ್ನು ಓದಿ, "ಕೆಲಸ ಹೋದ್ರೆ ಹೋಗ್ಲಿ ಅಕ್ಕಾ, ಸುಳ್ಳುಗಾತಿ ಅಂತ ಬರೆದುಬಿಟ್ರೆ ಅತ್ತೆ ಮುಂದೆ ಹೆಂಗೆ ನಿಂತ್ಕಳ್ಳಲಿ?" ಅಂದಳು.

ವಿಚಾರಣೆ ನಮ್ಮ ಕೋಣೆಯಲ್ಲೇ ನಡೆಯಿತು. ಅಧ್ಯಕ್ಷ ಬಸವಂತಪ್ಪನವರು ನನ್ನ ಕುಂಟು ಕುರ್ಚಿಯ ಮೇಲೆ ಕೂತರು. ಎಡಕ್ಕೆ ಕಾರ್ಯದರ್ಶಿಗಳು. ಎದುರಿಗೆ ನಸ್ರೀನ್ ನಿಂತಿದ್ದಳು. ಸುದ್ದಿ ಊರಿಗೆಲ್ಲ ತಿಳಿದಿದ್ದರಿಂದ ಬಾಗಿಲು, ಕಿಟಕಿ ಎಲ್ಲ ಕಡೆ ಜನ.

"ಯಾಕಮ್ಮ ಒತ್ತಿದೆ?" ಅಂದರು ಅಧ್ಯಕ್ಷರು.

"ಹಳೇದು ಓದಿ ಮುಗಿಸೋತನಕ ಇವತ್ತಿಂದು ಕಾಣಂಗಿಲ್ಲ ಸಾರ್. ಬೋರ್ಡಿನ ಮುಂದೆ ನಿಂತೋರು ಕೇಳೋದು ಇವತ್ತಿಂದು."

"ಅದು ಪ್ರಶ್ನೆಯಲ್ಲ" ಅಂದರು ಕಾರ್ಯದರ್ಶಿಗಳು. "ಓದಿದ್ದು ಅಂತ ಗುರುತು ಐತೆ, ಓದಿಲ್ಲ. ಈಗ ಅವನ್ನೆಲ್ಲ ಮತ್ತೆ ಓದದ ಹಾಗೆ ಮಾಡಾಕೆ ಬರ್ತೈತಾ?"

ಬರುತ್ತದೆ ಅಂದೆ. ಅವರ ಅಪ್ಪಣೆಯಂತೆ ಮಾಡಿದೆ. ಸಂಖ್ಯೆ ಮತ್ತೆ ಎದ್ದು ಕೂತಿತು.

"ಓದು. ನಮ್ಮ ಎದುರಿಗೇ ಓದು. ಗಟ್ಟಿಯಾಗಿ."

ಹಳೇದು ಹೊಸದು ಎಲ್ಲ ಕಲಸಿಹೋಗಿದ್ದರಿಂದ ನಸ್ರೀನ್ ಕಂಡದ್ದನ್ನು ಕಂಡ ಹಾಗೆ ಓದತೊಡಗಿದಳು. ಟೆಂಡರು, ತಿದ್ದುಪಡಿ, ಯಾವುದೋ ಸಭೆ ಮುಂದೂಡಿದ್ದು, ಮುಂದೂಡಿದ ಸಭೆ ರದ್ದಾದದ್ದು. ಅರ್ಧ ಗಂಟೆಯಲ್ಲಿ ಅಧ್ಯಕ್ಷರ ಕಣ್ಣು ಮುಚ್ಚಿಕೊಂಡವು. ಅವಳು ಒಂದನ್ನು ಓದಿ ಮುಗಿಸುವಷ್ಟರಲ್ಲಿ ಎಲ್ಲಿಂದಲೋ ಇನ್ನೊಂದು ಬಂದು ಸೇರುತ್ತಿತ್ತು. ಕಾರ್ಯದರ್ಶಿಗಳು ಸಂಖ್ಯೆಯನ್ನೇ ನೋಡುತ್ತಿದ್ದರು. ಅದು ಇಳಿಯುತ್ತಿರಲಿಲ್ಲ. ನಡುವೆ ಒಮ್ಮೆ, "ಸ್ವಲ್ಪ ಬೇಗ ಬೇಗ ಓದಮ್ಮ" ಅಂದರು. ಅದು ಗದರಿಕೆಯಾಗಿರಲಿಲ್ಲ.

"ಪ್ರಕಟಣೆ. ವಿದ್ಯಾರ್ಥಿ ನಿಲಯಗಳಿಗೆ ಅಡುಗೆಯವರು ಬೇಕಾಗಿದ್ದಾರೆ" ಅಂತ ನಸ್ರೀನ್ ಓದಿದಳು.

"ಏ, ನಿಲ್ಸಮ್ಮಾ!"

ಕಿಟಕಿಯಿಂದ ಬಂದ ದನಿ. ಹಾಲಮ್ಮ. ಬಸ್ ಸ್ಟಾಂಡಿನ ಹಿಂದೆ ರೊಟ್ಟಿ ತಟ್ಟಿ ಮೆಸ್ಸುಗಳಿಗೆ ಕೊಡುತ್ತಿದ್ದವರು. ದಿನಾ ಸಂಜೆ ಬಂದು ನಮ್ಮ ಬೋರ್ಡು ನೋಡುತ್ತಿದ್ದರು. ಅವರಿಗೆ ಓದಲು ಬರುತ್ತಿದ್ದದ್ದು ನಿಧಾನಕ್ಕೆ, ಆದರೂ ಪೂರ್ತಿ ಓದಿಯೇ ಹೋಗುತ್ತಿದ್ದರು. ಅಧ್ಯಕ್ಷರಿಗೆ ಎಚ್ಚರವಾಯಿತು.

"ಅದರ ಕೊನೇ ದಿನ ಯಾವತ್ತವ್ವಾ?"

ನಸ್ರೀನ್ ಪ್ರಕಟಣೆಯ ಕೆಳಗೆ ನೋಡಿದಳು. "ಹೋದ ವಾರ ಮುಗಿದೈತೆ."

ಹಾಲಮ್ಮ ಕಿಟಕಿಯ ಸರಳು ಹಿಡಿದುಕೊಂಡರು. "ಇದು ಬರ್ತೈತೆ ಅಂತ ಎರಡು ವರ್ಷದಿಂದ ನೋಡ್ಕಂಡಿದ್ದೆ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ದಾಟ್ತೈತೆ. ಬೋರ್ಡಿನಾಗೆ ಯಾಕೆ ಬರೀಲಿಲ್ಲ?"

"ನೋಡ್ರಿ!" ಅಂತ ಎದ್ದರು ಕಾರ್ಯದರ್ಶಿಗಳು. "ಬಟನ್ ಒತ್ತಿದ್ದಕ್ಕೆ ಆಗಿದ್ದು ಇದು. ಓದಿದ್ರೆ ಸಿಗ್ತಿತ್ತು."

ನನಗೆ ಎಲ್ಲಿತ್ತೋ ಸಿಟ್ಟು. "ಸಾರ್, ಇದು ಬಂದಾಗ ನಾವು ನಿಮ್ಮ ಆರ್ಡರ್ ಪ್ರಕಾರ ಹೋದ ವರ್ಷದ ಸುಣ್ಣದ ಟೆಂಡರ್ ಓದ್ತಿದ್ವಿ. ಹೊಸದು ಮುಟ್ಟಬಾರದು ಅಂದೋರು ನೀವು."

ಕೋಣೆಯಲ್ಲಿ ಗಲಾಟೆ ಎದ್ದಿತು. ಹೊರಗಿನವರು ಒಳಗೆ ನುಗ್ಗಿದರು. ನಮ್ಮದೂ ಹೀಗೇ ಏನೇನು ಹೋಯಿತೋ ಅಂತ ಒಬ್ಬರು, ಬೋರ್ಡು ನಂಬಿಕೊಂಡು ಕೆಟ್ಟೆವು ಅಂತ ಇನ್ನೊಬ್ಬರು. ಅಧ್ಯಕ್ಷರು ಮೇಜು ಗುದ್ದಿ, "ಇಬ್ಬರದ್ದೂ ತಪ್ಪೈತೆ, ಸುಮ್ಮನಿರ್ರಿ" ಅಂತ ಕೂಗುತ್ತಿದ್ದರು. ಆ ಗದ್ದಲದಲ್ಲಿ ನಸ್ರೀನ್ ನಿಂತಲ್ಲೇ ಬಗ್ಗಿ ಮೌಸ್ ಹಿಡಿದುಕೊಂಡಿದ್ದನ್ನು ನಾನೊಬ್ಬಳೇ ನೋಡಿದೆ.

"ಅಕ್ಕಾ, ಇಂಥದ್ದಕ್ಕೆ ತಿದ್ದುಪಡಿ ಬಂದೇ ಬರ್ತೈತೆ" ಅಂತ ಗೊಣಗುತ್ತ ಅದೊಂದೇ ಸೈಟಿನ ಫೀಡನ್ನು ತೆರೆದಳು. ಪ್ರಕಟಣೆ, ಪ್ರಕಟಣೆ, ಪ್ರಕಟಣೆ. ಒಂದೊಂದೇ ಬಿಚ್ಚಿ ನೋಡಿದಳು. ನಾಲ್ಕನೆಯದೋ ಐದನೆಯದೋ. ಆಮೇಲೆ ಅವಳು ಕೂಗಿದ್ದಕ್ಕೆ ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು.

"ದಿನ ಮುಂದಕ್ಕೆ ಹೋಗೈತೆ! ಇವತ್ತೇ ಕೊನೆ! ಸಂಜೆ ಐದಕ್ಕೆ!"

ಗೋಡೆ ಗಡಿಯಾರದಲ್ಲಿ ಮೂರು ದಾಟಿತ್ತು.

ವಿಚಾರಣೆ ಮುಂದೂಡಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಹಾಲಮ್ಮನ ಆಧಾರ್ ಕಾರ್ಡು, ಶಾಲೆಯ ಸರ್ಟಿಫಿಕೇಟು ತರಲು ಅವರ ಮನೆಗೆ ಯಾರೋ ಸೈಕಲ್ಲಿನಲ್ಲಿ ಓಡಿದರು. ಕಂಪ್ಯೂಟರ್ ಮುಂದೆ ನಸ್ರೀನ್ ಕೂತಳು. ಅವಳ ಪಕ್ಕಕ್ಕೆ ಕಾರ್ಯದರ್ಶಿಗಳು ಕುರ್ಚಿ ಎಳೆದುಕೊಂಡು ಕೂತರು. ಅರ್ಜಿ ಅಂದರೆ ಆ ಮನುಷ್ಯನಿಗೆ ಹೊಸ ಜೀವ ಬರುತ್ತಿತ್ತು. "ತಂದೆ ಹೆಸರಿನ ಮುಂದೆ ದಿವಂಗತ ಹಾಕಬೇಡ, ತಳ್ಳಿಹಾಕ್ತಾರೆ. ವಿಳಾಸದಾಗೆ ತಾಲೂಕು ನ್ಯಾಮತಿ ಅಂತಾನೇ ಹಾಕು, ಹೊನ್ನಾಳಿ ಅಂತ ಹಾಕಿದ್ರೆ ಹಳೇ ಲೆಕ್ಕಕ್ಕೆ ಹೋಗ್ತೈತೆ" ಅಂತ ಒಂದೊಂದು ಖಾನೆಗೂ ಬೆರಳಿಟ್ಟು ಹೇಳುತ್ತಿದ್ದರು.

ಫೋಟೋ ಕೇಳಿತು. ಹಿಂದೆ ಬಿಳಿಯದು ಇರಬೇಕು. ನಮ್ಮ ಗೋಡೆ ಹಸಿರು. ಒಂದು ಕ್ಷಣ ಎಲ್ಲರೂ ಗೋಡೆಯನ್ನೇ ನೋಡಿದರು. ಕಾರ್ಯದರ್ಶಿಗಳು ಎದ್ದು, ಅವತ್ತಿನಿಂದ ಮೇಜಿನ ಮೇಲೇ ಬಿದ್ದಿದ್ದ ಶಾಲು ಬಿಡಿಸಿದರು. ಬಿಳಿ ಶಾಲು, ಅಂಚಿನಲ್ಲಿ ಮಾತ್ರ ಜರಿ. ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ಅಧ್ಯಕ್ಷರು. ಟ್ರಸ್ಟಿನ ಅಧ್ಯಕ್ಷರು, ಕಾರ್ಯದರ್ಶಿಗಳು ಇಬ್ಬರೂ ಕೈ ಮೇಲೆತ್ತಿ ನಿಂತರು. ನಡುವೆ ಹಾಲಮ್ಮ ಕೂತರು. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ.

"ಜರಿ ಬರ್ತೈತೆ ಸಾರ್, ಇನ್ನೊಂದು ಸ್ವಲ್ಪ ಎತ್ತರಿಸ್ರಿ."

"ಇಷ್ಟಾ?"

"ಅಧ್ಯಕ್ಷರ ಹೊಟ್ಟೆ ಬರ್ತೈತೆ."

ಅಧ್ಯಕ್ಷರು ಉಸಿರು ಒಳಗೆಳೆದುಕೊಂಡರು.

ಕಳಿಸುವ ಬಟನ್ ಒತ್ತಿದರೆ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ಕಾರ್ಯದರ್ಶಿಗಳು ಪರದೆಗೆ ಮುಖ ಹತ್ತಿರ ತಂದು, ಎದುರಿನ ಮೇಜಿನ ಗುಮಾಸ್ತನಿಗೆ ಹೇಳುವ ಹಾಗೆ, "ಸ್ವಾಮಿ, ಬಡ ಹೆಂಗಸಿಂದು, ಸ್ವಲ್ಪ ನೋಡ್ಕಳ್ರಿ" ಅಂದರು. ಐದಕ್ಕೆ ಇನ್ನೇನು ಬಂತು ಅನ್ನುವಾಗ ಅರ್ಜಿ ತಲುಪಿತು ಅಂತ ಬಂತು. ಕೋಣೆಯಲ್ಲಿ ಚಪ್ಪಾಳೆ. ಹಾಲಮ್ಮ ನಸ್ರೀನಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು.

ಎಲ್ಲ ಹೋದ ಮೇಲೆ ವಿಚಾರಣೆಯ ಫೈಲು ಮೇಜಿನ ಮೇಲೆ ಉಳಿದಿತ್ತು. ಕಾರ್ಯದರ್ಶಿಗಳು, "ಇದನ್ನೇನು ಮಾಡಾಣ ಸಾರ್?" ಅಂದರು.

"ಓದಿದೆ ಅಂತ ಗುರುತು ಹಾಕಿಬಿಡ್ರಿ" ಅಂದರು ಅಧ್ಯಕ್ಷರು.

"ನೀವು ಓದಿಲ್ಲವಲ್ಲ."

"ಅದಕ್ಕೇ."

ಕಾರ್ಯದರ್ಶಿಗಳು ತುಸು ಹೊತ್ತು ಪೆನ್ನು ಹಿಡಿದುಕೊಂಡು ಕೂತರು. ಅವರ ಜೀವಮಾನದ ಅಭ್ಯಾಸಕ್ಕೆ ಅದು ದೊಡ್ಡ ಕೆಲಸ. ಕೊನೆಗೆ ಬರೆದರು. ಮುಂದಿನ ವಾರದಿಂದ ಹೊಸದು ಮೊದಲು ಅಂತಾಯಿತು. ನಸ್ರೀನಳ ಕೆಲಸ ಕಾಯಂ ಆಯಿತು. ತಿಪ್ಪೇಸ್ವಾಮಿ, ತಾನು ಕಿತ್ತುಹಾಕಿದ ಫೀಡುಗಳು ಯಾವುವು ಅಂತ ನೆನಪಿಲ್ಲದೆ ನಮಗೆ ಫೋನ್ ಮಾಡಿ ಕೇಳಿಕೊಂಡ.

ಇದು ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನೀವು ಕೇಳಿದ್ದು ಏನೇನು ಆಗುತ್ತದೆ ಅಂತ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಅದೇ ಸೈಟಿನಿಂದ ಇನ್ನೊಂದು ಪ್ರಕಟಣೆ ಬಂತು. ಆಡಳಿತಾತ್ಮಕ ಕಾರಣಗಳಿಂದ ಅಡುಗೆಯವರ ನೇಮಕಾತಿ ರದ್ದಾಗಿದೆ. ಒಂದೇ ಸಾಲು.

ನಸ್ರೀನ್ ಸೀಮೆಸುಣ್ಣ ತೆಗೆದುಕೊಂಡು ಹೊರಗೆ ಹೋದಳು. ಬೋರ್ಡಿನ ಮುಂದೆ ನಿಂತಳು. ಏನೂ ಬರೆಯದೆ ವಾಪಸ್ ಬಂದಳು. "ಅಕ್ಕಾ, ಸಂಜೆ ಹಾಲಮ್ಮ ಬಂದು ಎಲ್ಲರ ಮುಂದೆ ಇದನ್ನ ಓದ್ತಾರೆ. ನಿಧಾನಕ್ಕೆ, ಒಂದೊಂದೇ ಅಕ್ಷರ" ಅಂದಳು.

ಕೆಲಸದ ಹೊತ್ತಿನಲ್ಲಿ ಬಾಗಿಲು ಹಾಕುವಂತಿಲ್ಲ. ಹಾಕಿದೆವು. ಮೆಟ್ಟಿಲಿಳಿಯುವಾಗ ಕಾರ್ಯದರ್ಶಿಗಳು ಎದುರಾದರು, ಭೇಟಿಗೆ ಬಂದವರು. ಎಲ್ಲಿಗೆ ಅಂದರು. ಹೇಳಿದೆವು. ಅವರು ಬೀಗ ನೋಡಿದರು, ಗಡಿಯಾರ ನೋಡಿದರು, ನಮ್ಮ ಹಿಂದೆ ನಡೆದರು.

ಹಾಲಮ್ಮ ಒಲೆಯ ಮುಂದಿದ್ದರು. ನಸ್ರೀನ್ ಹೇಳಿದಳು. ಸುತ್ತು ಬಳಸದೆ, ಸಣ್ಣ ದನಿಯಲ್ಲಿ. ಹಾಲಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದರು.

"ರದ್ದಾತು ಅಂತ ಹೇಳಾಕೆ ಮನೆತನಕ ಯಾರಾದ್ರೂ ಬರ್ತಾರೇನ್ರವ್ವಾ? ನೀವು ಹೇಳದಿದ್ರೆ ನಾನು ಬರ್ತೈತೆ ಬರ್ತೈತೆ ಅಂತ ಕಾಯ್ಕಂಡೇ ಇರ್ತಿದ್ದೆ."

ಕಾರ್ಯದರ್ಶಿಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಗೋಡೆಗೊರಗಿ ನಿಂತಿದ್ದರು. "ಬೇಜಾರಾತೇನಮ್ಮ?" ಅಂತ ಕೇಳಿದರು.

"ಆಗದೆ ಇರ್ತೈತಾ? ಆತು" ಅಂದರು ಹಾಲಮ್ಮ. ಮೂರು ತಟ್ಟೆ ಕೆಳಗಿಟ್ಟು, "ರೊಟ್ಟಿ ಆರಿ ಹೋಗ್ತಾವೆ. ಕುಂತ್ಕಳ್ರಿ" ಅಂದರು.